ಕೇಳಿಸಿಕೊಳ್ಳುವ ಕಸುಬು: ನಿರೂಪಕರು ಮತ್ತು ಗೋಷ್ಠಿಯ ಸಮನ್ವಯಕಾರರು



ಕಿರುತೆರೆಯಲ್ಲಿ ದಿನವೂ ಕಾಣುವ ನಿರೂಪಕಿಯ ಕೆಲಸ ಏನು ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು "ಮಾತನಾಡುವುದು" ಎನ್ನುತ್ತೀರಿ. ಅದು ಅರ್ಧ ಉತ್ತರ. ಉಳಿದರ್ಧವನ್ನು ತಿಳಿಯಲು ನಮ್ಮ ಚಿಕ್ಕಮಗಳೂರು ಜಿಲ್ಲೆಯಿಂದಲೇ ಹೊರಡೋಣ.

ಕನ್ನಡದ ನಿರೂಪಣೆ ಎಂದೊಡನೆ ನೆನಪಾಗುವ ಅಪರ್ಣಾ ಇದೇ ಜಿಲ್ಲೆಯವರು. ಹುಟ್ಟೂರು ಪಂಚನಹಳ್ಳಿ, ಕಾಫಿಯ ಬೆಟ್ಟಗಳ ಕಡೆಯದಲ್ಲ, ಕಡೂರು ತಾಲ್ಲೂಕಿನ ಬಯಲು ಸೀಮೆಯದು. ಪುಟ್ಟಣ್ಣ ಕಣಗಾಲರ 'ಮಸಣದ ಹೂವು' ಚಿತ್ರದಲ್ಲಿ ಬಣ್ಣ ಹಚ್ಚಿದ ಹುಡುಗಿ ಬೆಂಗಳೂರು ದೂರದರ್ಶನಕ್ಕೆ ಬಂದರು. 1981ರ ನವೆಂಬರ್ 1ರಂದು ಆರಂಭವಾದ ಆ ಕೇಂದ್ರಕ್ಕೆ ಆಗಿನ್ನೂ ಎಳೆಯ ವಯಸ್ಸು. ಮುಂದೆ ಆಕಾಶವಾಣಿಯ ಎಫ್.ಎಂ., ಸರ್ಕಾರಿ ಸಮಾರಂಭಗಳು, ಸಮ್ಮೇಳನದ ವೇದಿಕೆಗಳು. 1998ರಲ್ಲಿ ದೀಪಾವಳಿಯ ಅಂಗವಾಗಿ ಸತತ 8 ಗಂಟೆ ನಿರೂಪಣೆ ಮಾಡಿದರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ಅನೇಕರು ಮೊದಲು ನೆನೆದದ್ದು ಬೆಂಗಳೂರಿನ ಮೆಟ್ರೊ ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯನ್ನು.

ಎಂಟು ಗಂಟೆ ಎಂದರೆ ಏನೆಂದು ಸ್ವಲ್ಪ ಯೋಚಿಸಿ. ಬರೆದುಕೊಂಡು ಹೋದದ್ದು ಮೊದಲ ಗಂಟೆಗೇ ಮುಗಿದೀತು. ಆಮೇಲೆ ಕೈಹಿಡಿಯುವುದು ಓದು, ನೆನಪು ಮತ್ತು ಎದುರಿನವರು ಈಗಷ್ಟೇ ಆಡಿದ ಮಾತು. ಆ ಮಾತು ಕಿವಿಗೆ ಬೀಳದಿದ್ದರೆ ಮುಂದಿನ ವಾಕ್ಯ ಹುಟ್ಟುವುದಿಲ್ಲ. ಚಂದನ ವಾಹಿನಿಯ 'ಥಟ್ ಅಂತ ಹೇಳಿ' ನಡೆಸಿಕೊಟ್ಟ ನಾ. ಸೋಮೇಶ್ವರರು ವೃತ್ತಿಯಿಂದ ವೈದ್ಯರು. ಅವರು ಸರಿಯುತ್ತರ ಹೇಳಿ ಅಲ್ಲಿಗೇ ನಿಲ್ಲಿಸದೆ ಅದರ ಹಿಂದಿನ ಸಂಗತಿಯನ್ನೂ ವಿವರಿಸುತ್ತಿದ್ದುದನ್ನು ನೀವು ಗಮನಿಸಿರಬಹುದು. ಆ ವಿವರಣೆ ಓದಿನಿಂದ ಬಂದದ್ದು. ಇಂಪಾದ ಕಂಠವೊಂದಿದ್ದರೆ ಸಾಕು ಎಂದು ನಂಬಿ ಬರುವ ಎಳೆಯರನ್ನು ಕಂಡಾಗ ನನಗೆ ಸ್ವಲ್ಪ ಮರುಕವಾಗುತ್ತದೆ.

ಸುದ್ದಿ ಹೇಳುವವರ ಹೊಣೆ ಇನ್ನೂ ಭಾರವಾದದ್ದು. ಕಾಫಿ ಸೀಮೆಯದೇ ಉದಾಹರಣೆ ಕೊಡುತ್ತೇನೆ. ಮೊದಲು ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1992ರಿಂದ ಹಂತಹಂತವಾಗಿ ಸಡಿಲವಾದ ಆ ಕಟ್ಟು 1996ರ ಹೊತ್ತಿಗೆ ಪೂರ್ತಿ ಬಿಟ್ಟುಹೋಯಿತು. ಅಂದಿನಿಂದ ಇಂದು ಮಾರಬೇಕೇ, ಇನ್ನೊಂದು ತಿಂಗಳು ಇಟ್ಟುಕೊಳ್ಳಬೇಕೇ ಎಂಬುದು ಕಳಸದ ಎರಡು ಎಕರೆ ಬೆಳೆಗಾರನ ತಲೆನೋವು. ಅವನ ಕಿವಿ ರೇಡಿಯೊ, ಟಿ.ವಿ.ಗಳ ಕಡೆಗಿರುತ್ತದೆ.

ಈಗ ನೀವು ವಾರ್ತಾವಾಚಕರು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 4000 ಡಾಲರ್ ಎಂಬ ಸಾಲು ನಿಮ್ಮ ಮುಂದಿದೆ ಎನ್ನಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿ. ಕಿಲೋಗೆ 4 ಡಾಲರ್ ಆಯಿತು. ನಮ್ಮಲ್ಲಿ ದರ ಹೇಳುವುದು 50 ಕಿಲೋ ಚೀಲಕ್ಕೆ. ಹಾಗಾಗಿ ಚೀಲಕ್ಕೆ 200 ಡಾಲರ್ ಎಂದು ಓದಿಬಿಟ್ಟಿರಿ. ಗುಣಾಕಾರ ಸರಿ, ಸುದ್ದಿ ತಪ್ಪು! ಲಂಡನ್ನಿನ ದರ ಸಿಪ್ಪೆ ತೆಗೆದ ಬೀಜದ್ದು. ಬೆಳೆಗಾರನ ಕಣದಲ್ಲಿರುವುದು ಸಿಪ್ಪೆಸಹಿತ ಒಣಗಿದ ಚೆರ್ರಿ. ಆ 50 ಕಿಲೋ ಚೀಲದಲ್ಲಿ ಬೀಜ ಸಿಗುವುದು ಸುಮಾರು ಅರ್ಧ; ಇದನ್ನೇ ಬೆಳೆಗಾರರು 'ಓಟಿ', ಅಂದರೆ ಔಟ್‌ಟರ್ನ್ ಎನ್ನುತ್ತಾರೆ. 26 ಕಿಲೋ ಸಿಕ್ಕಿತೆನ್ನಿ, ಬೆಲೆ 104 ಡಾಲರ್. ಅದರಲ್ಲಿ ಸಂಸ್ಕರಣೆಯ, ಸಾಗಣೆಯ ಖರ್ಚು ಕಳೆಯಬೇಕು. ಅರೇಬಿಕಾದ ಮಾತು ಬಂದರೆ ನ್ಯೂಯಾರ್ಕಿನ ದರ ಪೌಂಡಿಗೆ ಇಷ್ಟು ಸೆಂಟ್ ಎಂದು ಬರುತ್ತದೆ; ಪೌಂಡ್ ಎಂದರೆ ಸುಮಾರು 454 ಗ್ರಾಂ. ನಿಮ್ಮ 200 ಡಾಲರನ್ನು ನಂಬಿ ಮನೆ ಬಾಗಿಲಿಗೆ ಬಂದ ವ್ಯಾಪಾರಿಯನ್ನು ಮೋಸಗಾರನೆಂದು ಒಬ್ಬ ಬೆಳೆಗಾರ ಬೈದು ಕಳಿಸಿದರೆ, ಸಾಲದ ಕಂತಿನ ದಿನ ಅವನ ಕೈ ಬರಿದಾಗಿದ್ದರೆ, ಅದರಲ್ಲಿ ನಿಮ್ಮ ಪಾಲೂ ಇದೆ.

ಇನ್ನು ಗೋಷ್ಠಿಯ ಸಮನ್ವಯಕಾರರ ಕೆಲಸ. 2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರು ಅರಮನೆಯಲ್ಲಿ ಐದನೆಯ ವಿಶ್ವ ಕಾಫಿ ಸಮ್ಮೇಳನ ನಡೆಯಿತು. ಏಷ್ಯಾದಲ್ಲಿ ಅದೇ ಮೊದಲನೆಯದು. ಅಂಥ ದೊಡ್ಡ ಸಭೆಯಾಗಲಿ, ಮೂಡಿಗೆರೆಯ ಒಂದು ಸಭಾಭವನವಾಗಲಿ, ಕೆಲಸದ ಕ್ರಮ ಒಂದೇ.

ಮೂಡಿಗೆರೆಯನ್ನೇ ಊಹಿಸಿಕೊಳ್ಳಿ. ವಿಷಯ ಬಿಳಿ ಕಾಂಡಕೊರಕ, ಅರೇಬಿಕಾ ಗಿಡದ ಕಾಂಡವನ್ನು ಒಳಗಿಂದ ಕೊರೆಯುವ ಹುಳು. ವೇದಿಕೆಯ ಮೇಲೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿ, ಒಬ್ಬ ದೊಡ್ಡ ಪ್ಲಾಂಟರ್, ಒಬ್ಬ ಸಣ್ಣ ಬೆಳೆಗಾರ, ಬ್ಯಾಂಕಿನ ಅಧಿಕಾರಿ, ಮತ್ತು ತೋಟದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ಒಟ್ಟು ಸಮಯ 60 ನಿಮಿಷ. ಸಭಿಕರ ಪ್ರಶ್ನೆಗೆ 20 ನಿಮಿಷ ತೆಗೆದಿಟ್ಟರೆ ತಲಾ 8 ನಿಮಿಷ. ಪ್ಲಾಂಟರ್ ಮಾತಿನ ಮಲ್ಲ, ಹದಿನೈದು ನಿಮಿಷವಾದರೂ ನಿಲ್ಲಿಸುವುದಿಲ್ಲ. ಆ ಹೆಣ್ಣುಮಗಳು ತಲೆ ತಗ್ಗಿಸಿ ಕುಳಿತಿದ್ದಾರೆ.

ನೀವೇನು ಮಾಡುತ್ತೀರಿ? ಪ್ಲಾಂಟರರ ಮಾತನ್ನು ಮುರಿಯಬೇಕು, ಅವಮಾನವಾಗಬಾರದು. ಅವರು ಉಸಿರು ತೆಗೆದುಕೊಳ್ಳುವ ಕ್ಷಣ ನೋಡಿ, "ಸ್ವಾಮಿ, ಹುಳು ಬಿದ್ದ ಗಿಡವನ್ನು ಮೊದಲು ಗುರುತಿಸುವುದು ಹೇಗೆ ಎಂದಿರಿ, ಅಲ್ಲೇ ನಿಲ್ಲೋಣ" ಎನ್ನಿ. ಆಮೇಲೆ ಆಕೆಯ ಕಡೆ ತಿರುಗಿ, "ನಿಮ್ಮ ಅಭಿಪ್ರಾಯವೇನು?" ಎಂದು ಕೇಳಬೇಡಿ. ಆ ಪ್ರಶ್ನೆಗೆ ವೇದಿಕೆಯ ಮೇಲೆ "ಎಲ್ಲ ದೊಡ್ಡೋರು ಹೇಳಿದ ಹಾಗೆ" ಎಂಬ ಉತ್ತರವಷ್ಟೇ ಬಂದೀತು. "ಅಕ್ಕಾ, ಹುಳು ಬಿದ್ದ ಗಿಡ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ?" ಎಂದು ಕೇಳಿ ನೋಡಿ. ಎಲೆ ಹಳದಿಯಾಗಿ ಬಾಡುವುದು, ಕಾಂಡದ ಮೇಲೆ ಬಳೆಯಂಥ ಉಬ್ಬು ಏಳುವುದು, ಎಲ್ಲ ಬಾಯಿಗೆ ಬರುತ್ತದೆ. ದಿನವೂ ಗಿಡ ಮುಟ್ಟುವವರು ಆಕೆ. ವಿಜ್ಞಾನಿ ತಮ್ಮ ಟಿಪ್ಪಣಿಯ ಪುಸ್ತಕ ತೆರೆದರೆ ನಿಮ್ಮ ಗೋಷ್ಠಿ ಗೆದ್ದಿತು.

ಇದಕ್ಕೆಲ್ಲ ಮೊದಲು ಮಾಡಿಕೊಳ್ಳುವ ಸಿದ್ಧತೆ ಯಾರಿಗೂ ಕಾಣುವುದಿಲ್ಲ. ಹಿಂದಿನ ದಿನವೇ ಐವರೊಡನೆ ಮಾತನಾಡಿರಬೇಕು, ಹೆಸರುಗಳ ಉಚ್ಚಾರ ಕೇಳಿ ತಿಳಿದಿರಬೇಕು. 'ಸ'ಕಾರ 'ಶ'ಕಾರ, 'ಅ'ಕಾರ 'ಹ'ಕಾರಗಳ ಗೊಂದಲವನ್ನು ಗಟ್ಟಿಯಾಗಿ ಓದಿ ತಿದ್ದಿಕೊಳ್ಳಬೇಕು. ಮಲೆನಾಡಿನ ಮಾತಿನ ಧಾಟಿ ನಿಮಗಿದ್ದರೆ ನಾಚಬೇಡಿ. ಅದು ದೋಷವಲ್ಲ, ಅಸ್ಪಷ್ಟತೆ ದೋಷ.

ಓದಿನ ದಾರಿಯೂ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತಾರೆ. ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರಾಗಲು ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆಗಳಿರುತ್ತವೆ. ಅಲ್ಲಿಯತನಕ ಕಾಯಬೇಕಿಲ್ಲ. ಬರುವ ಭಾನುವಾರ ನಿಮ್ಮೂರಿನ ಒಂದು ಕಾಫಿ ಕಣಕ್ಕೆ ಹೋಗಿ, ಅಲ್ಲಿರುವ ಹಿರಿಯರಿಗೆ ಈ ಸಲದ ಹೂಮಳೆ ಯಾವಾಗ ಬಂತು ಎಂಬ ಒಂದೇ ಪ್ರಶ್ನೆ ಕೇಳಿ, ಹತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಮನೆಗೆ ಬಂದು ಅವರು ಹೇಳಿದ್ದನ್ನು ಒಂದು ನಿಮಿಷದಲ್ಲಿ ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಮರುದಿನ ಅದನ್ನು ಆ ಹಿರಿಯರಿಗೇ ಕೇಳಿಸಿ, ಎಲ್ಲಿ ತಪ್ಪಿದೆ ಎಂದು ಅವರೇ ಹೇಳುತ್ತಾರೆ.