ಬಣ್ಣ ಯಾವಾಗ? ಹಳೆಯ ಕಾರಿನ ಪುನಶ್ಚೇತನದಲ್ಲಿ ಕೆಲಸದ ಸರದಿ

ಹಳೆಯ ಕಾರನ್ನು ಮೊದಲಿನಂತೆ ಮಾಡಹೊರಟವರು ಮೊದಲು ಕೇಳೋದು "ಯಾವ ಬಣ್ಣ?" ಅಂತ. ಆದರೆ ದುಡ್ಡು ಉಳಿಸುವ ಪ್ರಶ್ನೆ "ಯಾವಾಗ?" ಎಂಬುದು. ಬೇಗ ಬಳಿದರೆ ಎಂಜಿನ್ ಇಳಿಸುವಾಗ ಗೀರು ಬೀಳುತ್ತೆ. ತಡ ಮಾಡಿದರೆ ಎಂಜಿನ್ ಕೋಣೆಯ ಮೂಲೆಗಳಿಗೆ ಸ್ಪ್ರೇ ಗನ್ ಹೋಗೋದೇ ಇಲ್ಲ.

ಉತ್ತರ ಕಾರಿನ ರಚನೆಯಲ್ಲಿದೆ. ಹಳೆಯ ಮಹೀಂದ್ರ ಜೀಪಿಗೆ ಪ್ರತ್ಯೇಕ ಚಾಸಿ ಇದೆ. ಬಾಡಿ ಎತ್ತಿಟ್ಟು ಚಾಸಿಗೆ ಬಣ್ಣ ಮುಗಿಸಿ ಎಂಜಿನ್ ಕೂರಿಸಬಹುದು. ಬಾಡಿಯ ಕೆಲಸ ಅತ್ತ ನಡೀತಿರುತ್ತೆ. ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಹಾಗಲ್ಲ, ಅವುಗಳಲ್ಲಿ ಬಾಡಿಯೇ ಚಾಸಿ. ಆದ್ದರಿಂದ ಎಲ್ಲ ಬಿಚ್ಚಿದ ಖಾಲಿ ಶೆಲ್‌ಗೆ ಮೊದಲು ಬಣ್ಣ, ಯಂತ್ರಭಾಗ ಆಮೇಲೆ.

ಪದ್ಮಿನಿಯನ್ನೇ ತಗೊಳ್ಳೋಣ. ತುಕ್ಕು ತಿಂದ ಸಿಲ್, ನೆಲದ ತಗಡುಗಳ ವೆಲ್ಡಿಂಗ್ ಮುಗಿದ ಕೂಡಲೇ ಬಾಗಿಲು, ಬಾನೆಟ್, ಬಂಪರ್, ಗಾಜು, ಹೊಸ ರಬ್ಬರ್ ಎಲ್ಲವನ್ನೂ ಒಮ್ಮೆ ಜೋಡಿಸಿ ನೋಡಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಹೊಸ ರಬ್ಬರ್ ದಪ್ಪವಿದ್ದರೆ ಬಾಗಿಲು ಮುಚ್ಚೋದಿಲ್ಲ. ಬಣ್ಣವಾದ ಮೇಲೆ ಹಿಂಜ್ ಬಗ್ಗಿಸಿದರೆ, ತೂತು ಕೊರೆದರೆ, ಅಲ್ಲಿಂದಲೇ ತುಕ್ಕು ಶುರು.

ಮತ್ತೆ ಎಲ್ಲ ಬಿಚ್ಚಿ, ಲೋಹ ಬೆತ್ತಲಾದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಕೆಲಸ ನಿಲ್ಲಿಸಲೇಬೇಕಾದರೆ ಈ ಹಂತದಲ್ಲಿ ನಿಲ್ಲಿಸಿ. ಮುಂದಿನ ಪದರಕ್ಕೆ ಮುನ್ನ ಉಜ್ಜಿಕೊಂಡರಾಯ್ತು. ಉಜ್ಜಿ ಸಮ ಮಾಡಲು ಹಾಕುವ ದಪ್ಪ ಪ್ರೈಮರ್ ತೇವ ಹೀರುತ್ತೆ. ಅದರ ಮೇಲೆ ಕಾರನ್ನು ತಿಂಗಳುಗಟ್ಟಲೆ ಬಿಟ್ಟರೆ ಒಳಗೊಳಗೇ ತುಕ್ಕು ಹಬ್ಬಬಹುದು.

ಇನ್ನು ಹವಾಮಾನ. ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಅನ್ನೋದು ರೂಢಿಯ ನಿಯಮ. ಗಾಳಿ 25 ಡಿಗ್ರಿ, ಆರ್ದ್ರತೆ ಶೇ. 85 ಇದ್ದರೆ ಇಬ್ಬನಿ ಬಿಂದು ಸುಮಾರು 22.3. ತಗಡೂ 25 ಡಿಗ್ರಿ ಇದ್ದರೆ ಅಂತರ 2.7 ಮಾತ್ರ, ಅಂದರೆ ಅವತ್ತು ಗನ್ ಮುಟ್ಟಬೇಡಿ. ಹಳೆಯ ಎನ್‌ಸಿ ಪೇಂಟ್ ಆದರೆ ಥಿನ್ನರ್ ಆರುವಾಗ ಮೇಲ್ಮೈ ಇನ್ನಷ್ಟು ತಣ್ಣಗಾಗಿ, ತೇವ ಕೂತು, ಬಿಳಿ ಮಂಜು ಕಟ್ಟುತ್ತೆ.

ಹಾಗಾಗಿ ತೆರೆದ ಶೆಡ್ಡಿನವರಿಗೆ ಕ್ಯಾಲೆಂಡರ್ ಊರಿಂದೂರಿಗೆ ಬೇರೆ. ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬೇಡ. ಹೊಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ದಾಟಲಿ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಸೊಲ್ಲಾಪುರದ ಮೇ ಮಧ್ಯಾಹ್ನ 40 ಡಿಗ್ರಿಯಲ್ಲಿ ಬಣ್ಣ ತಗಡು ಸೇರೋ ಮೊದಲೇ ಅರ್ಧ ಒಣಗಿ ಒರಟಾಗುತ್ತೆ. ಅಲ್ಲಿ ಬೆಳಗಿನ ಹೊತ್ತು, ನಿಧಾನ ಆರುವ ಥಿನ್ನರ್ ಬೇಕು. ಬಣ್ಣದ ತಿಂಗಳು ಗೊತ್ತು ಮಾಡಿಕೊಂಡು, ವೆಲ್ಡಿಂಗನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ.

ಒಂದು ಪ್ರಶ್ನೆ ಬಂದಿದೆ: ಒಳಭಾಗ ಮೊದಲು, ಹೊರಭಾಗ ಕೊನೆಗೆ ಬಳಿಯಬಹುದಾ? ಸಾದಾ ಬಣ್ಣವಾದರೆ ಆಗುತ್ತೆ. ಎಂಜಿನ್ ಕೋಣೆ, ಬಾಗಿಲ ಸಂದುಗಳನ್ನು ಮುಗಿಸಿ, ಹೊರಮೈಯನ್ನು ಜೋಡಣೆಯ ನಂತರಕ್ಕೆ ಇಡಬಹುದು. ಮೆಟಾಲಿಕ್ ಆದರೆ ಬೇಡ. ಗನ್ನಿನ ಒತ್ತಡ ಬದಲಾದರೂ ಛಾಯೆ ಬದಲಾಗುತ್ತೆ. ಎಲ್ಲ ಭಾಗಕ್ಕೂ ಒಂದೇ ಸಲ, ಒಂದೇ ಮಿಶ್ರಣ. ಇನ್ನೊಂದು ಮಾತು: 2ಕೆ ಬಣ್ಣದ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಉಬ್ಬಸ ತರಿಸುತ್ತೆ. ಬಟ್ಟೆಯ ಮಾಸ್ಕ್ ಸಾಲದು, ಹೊರಗಿನ ಗಾಳಿ ಕೊಡುವ ಮಾಸ್ಕೇ ಬೇಕು. ಅದಿಲ್ಲದಿದ್ದರೆ ಬಣ್ಣದ ದಿನ ಇನ್ನೂ ಬಂದಿಲ್ಲ ಅಂತಲೇ ತಿಳಿಯಿರಿ.