ಇಳಿಯುವಾಗಲೇ ಕಾಲು ಉಳುಕುವುದೇಕೆ?

ನಮ್ಮ ಆನಂದಪುರದ ಸಮೀಪದಲ್ಲಿರುವ ಮಲಂದೂರಿನ ಚಂಪಕ ಸರಸ್ಸಿನ ಮೆಟ್ಟಿಲುಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅವನ್ನು ಏರುವಾಗ ಏದುಸಿರು ಬರುವುದು ನಿಜ. ಆದರೆ ಕಾಲು ಉಳುಕುವ ಭಯವು ಇಳಿಯುವಾಗಲೇ ಹೆಚ್ಚು. ಮಳೆಗಾಲದಲ್ಲಿ ಅಡಕೆಯ ತೋಟಕ್ಕೆ ಇಳಿಯುವ ಮಲೆನಾಡಿಗರಿಗೆಲ್ಲ ಇದು ಅನುಭವಸಿದ್ಧವಾದ ಮಾತು. ಇದರ ಕಾರಣವು ಕಣಕಾಲಿನ ಒಂದು ಎಲುಬಿನ ಆಕಾರದಲ್ಲಿ ಅಡಗಿರುವುದು.

ನಮ್ಮ ಪೂರ್ವಿಕರು ಈ ಕೀಲನ್ನು ಗುಲ್ಫವೆಂದು ಕರೆದರು. ಸುಶ್ರುತಸಂಹಿತೆಯು ದೇಹದ 107 ಮರ್ಮಗಳಲ್ಲಿ ಇದನ್ನೂ ಎಣಿಸಿ, ಇಲ್ಲಿ ಪೆಟ್ಟು ಬಿದ್ದರೆ ನೋವಾಗಲಿ, ಪಾದದ ಸೆಡೆತವಾಗಲಿ, ಕುಂಟುತನವಾಗಲಿ ಒದಗುವುದೆಂದು ಎಚ್ಚರಿಸಿರುವುದು. ಶವವನ್ನು ಹುಲ್ಲಿನಿಂದ ಸುತ್ತಿ, ಏಳು ರಾತ್ರಿ ನೀರಿನಲ್ಲಿಟ್ಟು, ಬಳಿಕ ಮೆಲ್ಲಮೆಲ್ಲನೆ ಉಜ್ಜಿ ಒಳಗಣ ಅಂಗಗಳನ್ನು ಕಣ್ಣಾರೆ ನೋಡಿ ಕಲಿಯಬೇಕೆಂಬ ವಿಧಿಯೂ ಆ ಗ್ರಂಥದಲ್ಲಿಯೇ ಉಂಟು.

ಇಂದಿನ ಶಾರೀರಶಾಸ್ತ್ರದ ಪ್ರಕಾರ ಒಂದೊಂದು ಪಾದದಲ್ಲಿ 26 ಎಲುಬುಗಳಿರುವುವು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿರುವುದು ಟೇಲಸ್ ಎಂಬುದು. ಮೊಣಕಾಲಿನ ಕೆಳಗಣ ಎರಡು ಎಲುಬುಗಳ ತುದಿಗಳು ಒಳಗಡೆಯೂ ಹೊರಗಡೆಯೂ ಗುಬುಟುಗಳಾಗಿ ಇಳಿದು, ಬಡಗಿಯು ಕೊರೆದ ಕಚ್ಚಿನಂತೆ ಇದನ್ನು ನಡುವೆ ಹಿಡಿದಿರುವುವು. ಈ ಟೇಲಸ್ಸಿನ ಮೇಲ್ಭಾಗವು ಮುಂದೆ ಅಗಲ, ಹಿಂದೆ ಕಿರಿದು. ಏರುವಾಗ ಪಾದವು ಮೇಲಕ್ಕೆ ಮಡಿಯುವುದರಿಂದ ಅಗಲವಾದ ಭಾಗವು ಕಚ್ಚಿನೊಳಗೆ ಬಿಗಿಯಾಗಿ ಕೂರುವುದು. ಇಳಿಯುವಾಗ ಮುಂಗಾಲು ಕೆಳಕ್ಕೆ ಚಾಚುವುದರಿಂದ ಕಿರಿದಾದ ಭಾಗವು ಅಲ್ಲಿಗೆ ಬಂದು ಕೀಲು ಸಡಿಲವಾಗುವುದು. ಆಗ ಪಾದವು ಒಳಕ್ಕೆ ಹೊರಳಿತೆಂದರೆ ಹೊರಬದಿಯ ಅಸ್ಥಿಬಂಧಗಳು ಎಳೆಯಲ್ಪಟ್ಟು, ಕೆಲವೊಮ್ಮೆ ಹರಿದೇ ಹೋಗುವುವು.

ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿಸುವುದು ನಮ್ಮಲ್ಲಿ ರೂಢಿ. ನಾವೂ ಒಮ್ಮೆ ಮೂರು ವಾರ ಹೀಗೆಯೇ ತಿಕ್ಕಿಸಿಕೊಂಡು, ಕಡೆಗೆ ಎಕ್ಸರೇ ತೆಗೆಯಿಸಿದಾಗ ಎಲುಬೇ ಮುರಿದಿರುವುದನ್ನು ಕಂಡೆವು; ಆ ಕಾಲು ಇಂದಿಗೂ ಪೂರ್ತಿಯಾಗಿ ಮಡಿಯದು. ಟೇಲಸ್ಸಿನ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಅದರ ಬಹುಭಾಗವನ್ನು ಮೃದ್ವಸ್ಥಿಯು ಮುಚ್ಚಿರುವುದರಿಂದ ರಕ್ತನಾಳಗಳು ಒಳಹೊಗಲು ಎಡೆ ಸ್ವಲ್ಪವೇ ಇರುವುದು. ಮುರಿದು ಸ್ಥಳ ತಪ್ಪಿದರೆ ರಕ್ತವಿಲ್ಲದೆ ಎಲುಬು ಸತ್ತುಹೋಗುವ ಸಂಭವವುಂಟು.

ಉಳುಕೋ ಮುರಿತವೋ ಎಂಬ ಸಂದೇಹಕ್ಕೆ ಕೆನಡಾ ದೇಶದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು. ಕಣಕಾಲಿನಲ್ಲಿ ನೋವಿದ್ದು, ಗುಬುಟುಗಳ ತುದಿಯನ್ನಾಗಲಿ ಹಿಂಬದಿಯ ಅಂಚನ್ನಾಗಲಿ ಒತ್ತಿದಾಗ ಎಲುಬು ನೊಂದರೆ ಎಕ್ಸರೇ ಅವಶ್ಯಕ. ಪೆಟ್ಟಾದ ಕೂಡಲೇ ಆಗಲಿ, ವೈದ್ಯರ ಮುಂದಾಗಲಿ ನಾಲ್ಕು ಹೆಜ್ಜೆ ನಡೆಯಲಾರದಿದ್ದರೂ ಅವಶ್ಯಕವೇ. ಮನೆಯಲ್ಲಿ ಯಾರಾದರೂ ಕಾಲು ಹೊರಳಿಸಿಕೊಂಡು ಬಂದರೆ ಎಣ್ಣೆಯ ಬಟ್ಟಲನ್ನು ತರುವ ಮೊದಲು ಗೃಹಸ್ಥರು ಈ ನಾಲ್ಕು ಹೆಜ್ಜೆಗಳನ್ನು ನೆನೆಯಲಿ.