ಹಾರ್ನಿನ ಮೇಲೆ ಬರೆದ ಅಂಕಿಗಳು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಷಷ್ಠಿ ಜಾತ್ರೆ ಇರಲಿ, ಹೊಳೆನರಸೀಪುರದ ತೇರಿರಲಿ, ಮೈಕ್ ಸೆಟ್ ಗೊತ್ತುಮಾಡಲು ಹೋದವರು ಮೊದಲು ಕೇಳುವುದು ‘ಎಷ್ಟು ವಾಟ್‌ದು?’ ಎಂದು. ಸದ್ದು ಎಷ್ಟು ದೂರ ಮುಟ್ಟುತ್ತದೆ ಎಂಬುದು ವಾಟ್ ಒಂದರಿಂದಲೇ ತಿಳಿಯದು. ಕೊಟ್ಟ ವಿದ್ಯುತ್ತಿಗೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಎಂದು ಕೇಳಬೇಕು. ಒಂದು ವಾಟ್ ಕೊಟ್ಟು, ಎದುರಿಗೆ ಒಂದು ಮೀಟರ್ ದೂರದಲ್ಲಿ ಅಳೆದಾಗ ಸಿಗುವ ಡೆಸಿಬೆಲ್ಲೇ ಸ್ಪೀಕರಿನ ಸೆನ್ಸಿಟಿವಿಟಿ.

ಮನೆಯ ಸ್ಪೀಕರ್ ಬಾಕ್ಸಿನದು ಸಾಮಾನ್ಯವಾಗಿ 88ರ ಆಸುಪಾಸು. ಸದ್ದನ್ನೆಲ್ಲ ಒಂದೇ ದಿಕ್ಕಿಗೆ ತಳ್ಳುವ ಹಾರ್ನಿನದು 106ರಷ್ಟಿರುತ್ತದೆ. 3 ಡೆಸಿಬೆಲ್ ಏರಿಸಲು ಎರಡು ಪಟ್ಟು, 10 ಏರಿಸಲು ಹತ್ತು ಪಟ್ಟು ವಿದ್ಯುತ್ ಬೇಕು. ಆ ಲೆಕ್ಕದಲ್ಲಿ ಹಾರ್ನ್ ಒಂದು ವಾಟಿಗೆ ಮಾಡುವ ಸದ್ದನ್ನು ಮಾಡಲು ಬಾಕ್ಸಿಗೆ ಸುಮಾರು 63 ವಾಟ್ ಬೇಕು! 100 ವಾಟಿನ ಆಂಪ್ಲಿಫೈಯರ್ ತೆಗೆದು 200ರದ್ದು ಇಟ್ಟರೆ ದಕ್ಕುವುದು ಬರೀ 3 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಕಳೆದುಹೋಗುತ್ತದೆ. ಹಾಗಾಗಿ ಅದೇ ದುಡ್ಡಿನಲ್ಲಿ ಜನ ಕೂತ ಕಡೆ ಇನ್ನೊಂದು ಹಾರ್ನ್ ಕಟ್ಟಿಸುವುದು ವಾಸಿ ಎನ್ನುತ್ತೇನೆ. ಆದರೆ ಹಾರ್ನ್ ಮಾತಿಗೆ ಮಾತ್ರ ಸರಿ. ಚನ್ನರಾಯಪಟ್ಟಣದ ಗಣಪತಿ ಪೆಂಡಾಲಿನಲ್ಲಿ ಕಚೇರಿ ಇಟ್ಟರೆ ಮೃದಂಗದ ಎಡಗಡೆಯ ನಾದ ಅದರಲ್ಲಿ ಹೊರಡದು, ಬಾಕ್ಸೇ ಬೇಕು.

ಇನ್ನು ಓಮ್. ಹಾರ್ನಿನ ಹಿಂದೆ ಕೂತು ಸದ್ದು ಹುಟ್ಟಿಸುವ ಯೂನಿಟ್ಟುಗಳು ಹೆಚ್ಚಾಗಿ 16 ಓಮಿನವು. ಮೀಟರ್ ಹಿಡಿದರೆ ಇನ್ನೂ ಕಡಿಮೆ ತೋರಿಸುತ್ತದೆ, ಯೂನಿಟ್ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಮೀಟರಿಗೆ ಸಿಗುವುದು ಕಾಯಿಲಿನ ತಂತಿಯ ರೆಸಿಸ್ಟೆನ್ಸ್ ಮಾತ್ರ. ಸದ್ದಿನ ಸಿಗ್ನಲ್ಲಿಗೆ ಎದುರಾಗುವ ಒಟ್ಟು ತಡೆ, ಅಂದರೆ ಇಂಪೀಡೆನ್ಸ್, ಅದಕ್ಕಿಂತ ಹೆಚ್ಚು. ಎರಡು ಯೂನಿಟ್ ಪ್ಯಾರಲಲ್ ಮಾಡಿದರೆ 8 ಓಮ್, ನಾಲ್ಕಾದರೆ 4. ಆ ನಾಲ್ಕನ್ನೂ ಆಂಪಿನ ಹಿಂದಿರುವ 8 ಓಮ್ ಟರ್ಮಿನಲ್ಲಿಗೆ ಸಿಕ್ಕಿಸಿದರೆ ಅದು ಇಮ್ಮಡಿ ಕರೆಂಟ್ ಕೊಡಬೇಕಾಗುತ್ತದೆ. ಸಂಜೆ ಚೆನ್ನಾಗಿಯೇ ಹಾಡಿ, ಜನ ಸೇರುವ ಹೊತ್ತಿಗೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಸಣ್ಣ ಆಂಪಿನ ವಾಲ್ಯೂಮ್ ಪೂರ್ತಿ ತಿರುಗಿಸಿ ದುಡಿಸಿದರೂ ಕೇಡೇ: ಸದ್ದು ಒಡೆಯುತ್ತದೆ, ಯೂನಿಟ್ಟಿನ ಕಾಯಿಲ್ ಕಾಯುತ್ತದೆ.

ತಂತಿ ಉದ್ದವಾದಾಗ ಲೆಕ್ಕವೇ ಬೇರೆ. ಹಾಸನಾಂಬೆಯ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ದರ್ಶನದ ಸಾಲು ಬೀದಿಗಳನ್ನೇ ಸುತ್ತುತ್ತದೆ. ಅಂಥ ಕಡೆ 1 ಚದರ ಮಿಲಿಮೀಟರಿನ ತಾಮ್ರದ ತಂತಿ 100 ಮೀಟರ್ ಎಳೆದರೆ ಹೋಗಿಬರುವ ದಾರಿಗೆ ಸುಮಾರು 3.4 ಓಮ್. ತುದಿಯಲ್ಲಿ 4 ಓಮಿನ ಲೋಡ್ ಇದ್ದರೆ ಅರ್ಧಕ್ಕೆ ಹತ್ತಿರದಷ್ಟು ವಿದ್ಯುತ್ ತಂತಿಯನ್ನು ಬಿಸಿಮಾಡುವುದಕ್ಕೇ ಖರ್ಚು. ಇದಕ್ಕೆ ಮದ್ದು 100 ವೋಲ್ಟ್ ಲೈನ್, ಅಂದರೆ ಸಿಗ್ನಲ್ಲನ್ನು ಹೆಚ್ಚು ವೋಲ್ಟೇಜಿನಲ್ಲಿ, ಕಡಿಮೆ ಕರೆಂಟಿನಲ್ಲಿ ಕಳಿಸುವುದು. ಅದರಲ್ಲಿ 100 ವಾಟಿನ ಲೋಡ್ ಆಂಪಿಗೆ 100 ಓಮಿನಂತೆ ಕಾಣುತ್ತದೆ. ಅದೇ ತಂತಿಯಲ್ಲಿ ನಷ್ಟ ನೂರಕ್ಕೆ 3ರಷ್ಟು. ಆ ವೋಲ್ಟೇಜನ್ನು ಇಳಿಸಲು ಪ್ರತಿ ಹಾರ್ನಿಗೂ ಒಂದೊಂದು ಲೈನ್ ಟ್ರಾನ್ಸ್‌ಫಾರ್ಮರ್ ಹಾಕಬೇಕು, ಆಮೇಲೆ ಓಮ್ ಬಿಟ್ಟು ವಾಟ್ ಕೂಡುತ್ತ ಹೋದರಾಯಿತು. 100 ವಾಟಿನ ಆಂಪ್ ಟ್ರಾನ್ಸ್‌ಫಾರ್ಮರಿನ 10 ವಾಟ್ ಟ್ಯಾಪಿಗೆ ಸಿಕ್ಕಿಸಿದ ಎಂಟು ಹಾರ್ನುಗಳನ್ನು ನಿರಾಳವಾಗಿ ನಡೆಸುತ್ತದೆ. ಗುಡಿ ಬಾಗಿಲಿನ ಹತ್ತಿರದ್ದನ್ನು 5 ವಾಟಿಗಿಳಿಸಿ, ಬಸ್ಸು ಲಾರಿ ಓಡಾಡುವ ರಸ್ತೆಯದಕ್ಕೆ 15 ಕೊಟ್ಟರೂ ಮೊತ್ತ ಅಷ್ಟೇ.